ಲೈವ್ ಬ್ಯಾಂಡ್ ಬಾರಿನಲ್ಲಿ 3,800ರ ಬಿಲ್ 7,276 ಆಯ್ತು, ಏನಾದ್ರೂ ಮಾಡಬಹುದಾ?

ಶಿರಾಗೇಟ್_ಹುಡುಗ:
ಹೋದ ಶನಿವಾರ ತುಮಕೂರಿಂದ ನಾವು ಮೂರು ಜನ ಬೆಂಗಳೂರಿನ ಒಂದು ಲೈವ್ ಬ್ಯಾಂಡ್ ಬಾರಿಗೆ, ಅಂದ್ರೆ ಹುಡುಗಿಯರು ಹಾಡೋ ಬಾರಿಗೆ, ಹೋಗಿದ್ದೆವು. ಹೆಸರು ಬೇಡ ಬಿಡಿ. ಮೆನು ರೇಟಿನ ಪ್ರಕಾರ ನಾವು ಕುಡಿದು ತಿಂದದ್ದು 3,800. ಬಿಲ್ಲಿನಲ್ಲಿ ‘ಎಂಟರ್‌ಟೈನ್‌ಮೆಂಟ್’ ಅಂತ 2,500, ಎರಡೂ ಸೇರಿದ ಮೊತ್ತದ ಮೇಲೆ 10% ಸರ್ವಿಸ್ ಚಾರ್ಜ್, ಅಷ್ಟಕ್ಕೂ 5% ಜಿಎಸ್‌ಟಿ. ಒಳಗೆ ಹೋಗುವಾಗ ಯಾರೂ ಹೇಳಲಿಲ್ಲ, ಮೆನುವಿನಲ್ಲೂ ಇರಲಿಲ್ಲ. ಕೇಳಿದ್ದಕ್ಕೆ ಇಬ್ಬರು ಬೌನ್ಸರ್ ಬಂದು ಬಾಗಿಲ ಹತ್ತಿರ ನಿಂತರು. ಸುಮ್ನೆ ಫೋನ್‌ನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟು ಬಂದೆವು. ಕ್ಯಾತ್ಸಂದ್ರ ಬರೋವರೆಗೂ ಕಾರಿನಲ್ಲಿ ಒಬ್ಬರೂ ಮಾತಾಡಲಿಲ್ಲ.

ಲೆಕ್ಕದಮೇಷ್ಟ್ರು:
ಬಿಲ್ ಇಟ್ಟುಕೊಂಡಿದ್ದೀರಾ? ಇದ್ದರೆ ಅರ್ಧ ಕೆಲಸ ಆಯ್ತು. ಮೊದಲು ಜಿಎಸ್‌ಟಿ ನೋಡಿ. ಮದ್ಯ ಜಿಎಸ್‌ಟಿಗೆ ಬರೋದೇ ಇಲ್ಲ, ಬಿಯರ್ ಮೇಲೂ ಸೇರಿಸಿದ್ದರೆ ಅದು ತಪ್ಪು. ಸರ್ವಿಸ್ ಚಾರ್ಜನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಆಯೋಗ ಇದೆ. ಬಾರ್ ಬೆಂಗಳೂರಿನಲ್ಲಿದೆ ಅಂತ ಅಲ್ಲಿಗೆ ಓಡಾಡಬೇಕಿಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ಇರೋ ಊರಲ್ಲೇ, ಅಂದ್ರೆ ತುಮಕೂರಲ್ಲೇ ದೂರು ಹಾಕಬಹುದು. ಎರಡು ವರ್ಷ ಟೈಮ್ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸೂ ಇಲ್ಲ.
ಆದರೆ ಬಾರಿನಲ್ಲಿ ಎಂಆರ್‌ಪಿ ಮಾತು ಮಾತ್ರ ಎತ್ತಬೇಡಿ. ಹೋಟೆಲಿನವರು ನೀರಿನ ಬಾಟಲಿಗೂ ಜಾಸ್ತಿ ತಗೋಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಹಳೇ_ಸಪ್ಲೈಯರ್:
ನಾನು ಇಂಥ ಜಾಗದಲ್ಲಿ ಮೂರು ವರ್ಷ ಟೇಬಲ್ ನೋಡಿದವನು. ಆ ‘ಎಂಟರ್‌ಟೈನ್‌ಮೆಂಟ್’ ದುಡ್ಡು ಹಾಡೋ ಹುಡುಗಿಯರಿಗೆ ಹೋಗುತ್ತೆ ಅಂದುಕೊಂಡ್ರಾ? ನಾನಿದ್ದ ಕಡೆ ಒಂದು ರೂಪಾಯಿ ಹೋಗುತ್ತಿರಲಿಲ್ಲ. ಅವರಿಗೆ ಸಂಬಳ ಅನ್ನೋದೇ ಇರಲಿಲ್ಲ, ಟಿಪ್ಸೇ ಗತಿ, ಅದರಲ್ಲೂ ಅರ್ಧ ಮಾಲೀಕನ ಪಾಲು. ಗಿರಾಕಿ ಬಿಲ್ ನೋಡಿ ಸಿಟ್ಟಾಗಿ ಬೈಯುತ್ತಿದ್ದುದು ಮಾತ್ರ ಅವರಿಗೇ. ಜಗಳ ಮಾಡೋದಿದ್ದರೆ ಕ್ಯಾಷ್ ಕೌಂಟರ್ ಹತ್ತಿರ ಮಾಡಿ. ಇನ್ನೊಂದು, ಕೂರೋ ಮುಂಚೆ ‘ಮೆನು ಬಿಟ್ಟು ಬೇರೆ ಏನು ಹಾಕ್ತೀರಾ’ ಅಂತ ಕೇಳಿ. ತಡವರಿಸಿದ್ರೆ ಎದ್ದು ಬನ್ನಿ.

ಬಿಎಚ್‌ರೋಡ್_ಬಸ್ಯ:
ಅಲ್ಲ ಗುರು, ನೋಟು ಎರಚಿ ಬಂದಿರ್ತೀರಾ, ಈಗ ಬಿಲ್ ಜಾಸ್ತಿ ಅಂತೀರಾ 😄

ಶಿರಾಗೇಟ್_ಹುಡುಗ:
ಎರಚಿಲ್ಲ ಸ್ವಾಮಿ. ಮಹಾರಾಷ್ಟ್ರದ ಡ್ಯಾನ್ಸ್ ಬಾರ್ ಕೇಸಿನಲ್ಲಿ 2019ರಲ್ಲೇ ಸುಪ್ರೀಂ ಕೋರ್ಟ್ ಟಿಪ್ಸ್ ಕೊಡಬಹುದು, ನೋಟು ಎರಚೋದು ಬೇಡ ಅಂದಿದೆ. ಒಂದು ಹಳೇ ಹಾಡು ಕೇಳಿ 200 ಕೈಗೇ ಕೊಟ್ಟೆ, ಅಷ್ಟೇ.
ಮೇಷ್ಟ್ರೇ, ಬಿಲ್ ಇದೆ, ಆದರೆ ಕೈಬರಹದ ಚೀಟಿ. ಸೀಲೂ ಇಲ್ಲ, ಜಿಎಸ್‌ಟಿ ನಂಬರೂ ಇಲ್ಲ.

ಲೆಕ್ಕದಮೇಷ್ಟ್ರು:
ನಂಬರ್ ಇಲ್ಲದೆ ಜಿಎಸ್‌ಟಿ ವಸೂಲಿ ಮಾಡಿದ್ದಾರಾ! ಹಾಗಾದ್ರೆ ಆ ಚೀಟಿ ಇನ್ನೂ ಒಳ್ಳೇದು, ಎಸೆಯಬೇಡಿ. ಫೋಟೋ ತೆಗೆದಿಡಿ, ದುಡ್ಡು ಹೋದ ಮೆಸೇಜಿನ ಸ್ಕ್ರೀನ್‌ಶಾಟ್ ಜೊತೆಗಿಡಿ, ನಾಳೆ ಬೆಳಿಗ್ಗೆ 1915.