ಬ್ರೌಸರ್‌ನಲ್ಲೇ ಆಡುವ ಉಚಿತ ಆಟಗಳು: ಬಹುಕಾಲ ಆಡಿದವರ ಅಭಿಪ್ರಾಯ ಬೇಕಾಗಿದೆ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. ರಾತ್ರಿ ಊಟವಾದ ಮೇಲೆ ಹನ್ನೆರಡು ವರ್ಷದ ಮಗಳೂ ನಾನೂ ಅರ್ಧ ಗಂಟೆ ಒಟ್ಟಿಗೆ ಕುಳಿತು ಏನಾದರೂ ಆಡುವ ರೂಢಿ ಇಟ್ಟುಕೊಂಡಿದ್ದೇವೆ. ಮನೆಯಲ್ಲಿರುವುದು 4 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಆದ್ದರಿಂದ ದೊಡ್ಡ ಆಟಗಳನ್ನು ಇಳಿಸಿಕೊಳ್ಳುವಂತಿಲ್ಲ. ಬ್ರೌಸರ್ ತೆರೆದು ನೇರವಾಗಿ ಆಡಬಹುದಾದ ಉಚಿತ ಆಟಗಳನ್ನೇ ಹುಡುಕುತ್ತಿದ್ದೇನೆ. ಕಳೆದ ತಿಂಗಳು ಸಿಕ್ಕಿದ ಒಂದು ತಾಣದಲ್ಲಿ ಆಟ ಆರಂಭವಾಗುವ ಮೊದಲು ಒಂದು ಜಾಹೀರಾತು, ಪ್ರತಿ ಸೋಲಿನ ನಂತರ ಇನ್ನೊಂದು, ಸಾಲದೆಂಬಂತೆ ಆಟದ ಗುಂಡಿಯಂತೆಯೇ ಕಾಣುವ, ಒತ್ತಿದರೆ ಬೇರೆಲ್ಲಿಗೋ ಕರೆದೊಯ್ಯುವ ಚಿತ್ರಗಳಿದ್ದವು. ಅಂಥದ್ದೊಂದನ್ನು ಒತ್ತಿ ಮಗಳು ಗಾಬರಿಯಾದಳು.

ಹೆಸರುಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಒಂದೇ ಆಟವನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಆಡಿದವರು ಅದರ ಬಗ್ಗೆ ಕೊನೆಗೆ ಯಾವ ಅಭಿಪ್ರಾಯಕ್ಕೆ ಬಂದಿರಿ, ಉಚಿತವೆಂದು ತೊಡಗಿದ್ದು ಉಚಿತವಾಗಿಯೇ ಉಳಿಯಿತೇ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಕಾಲಾಳು64:

ತುಂಗಾತೀರ ಅವರೇ, ನಾನು ಎಂಟು ವರ್ಷಗಳಿಂದ ಲಿಚೆಸ್‌ನಲ್ಲಿ ಚದುರಂಗ ಆಡುತ್ತಿದ್ದೇನೆ. ಇಷ್ಟು ದಿನಗಳಲ್ಲಿ ಒಂದು ಜಾಹೀರಾತನ್ನೂ ಅಲ್ಲಿ ಕಂಡಿಲ್ಲ. ಫ್ರಾನ್ಸಿನ ಪ್ರೋಗ್ರಾಮರ್ ತಿಬೊ ದ್ಯುಪ್ಲೆಸಿ 2010ರಲ್ಲಿ ಆರಂಭಿಸಿದ ಈ ತಾಣವನ್ನು ಈಗ ಲಾಭದ ಉದ್ದೇಶವಿಲ್ಲದ ಸಂಘವೊಂದು ನಡೆಸುತ್ತದೆ. ಖರ್ಚು ತೂಗುವುದು ಆಟಗಾರರ ದೇಣಿಗೆಯಿಂದ. ದೇಣಿಗೆ ಕೊಟ್ಟವರಿಗೂ ಕೊಡದವರಿಗೂ ಸಿಗುವ ಸೌಲಭ್ಯ ಒಂದೇ. ಕೊಟ್ಟವರ ಹೆಸರಿನ ಪಕ್ಕದಲ್ಲಿ ಚಿಕ್ಕದೊಂದು ರೆಕ್ಕೆಯ ಗುರುತು ಕಾಣುತ್ತದೆ, ಅಷ್ಟೇ. ಇದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ, ಏಕೆಂದರೆ ಹಣವಿದ್ದವನ ಕುದುರೆ ಹೆಚ್ಚು ಮನೆ ಹಾರುವಂತಾದರೆ ಅದು ಆಟವಾಗಿ ಉಳಿಯುವುದಿಲ್ಲ.

ಮಗಳೊಂದಿಗೆ ಆಡುವುದರಿಂದ ಒಂದೆರಡು ವಿಷಯ ಹೇಳಬೇಕು. ಮಕ್ಕಳ ಮೋಡ್ ಎಂಬ ಆಯ್ಕೆಯನ್ನು ಆನ್ ಮಾಡಿದರೆ ಅಪರಿಚಿತರ ಸಂದೇಶ, ಹರಟೆ ಎಲ್ಲವೂ ಮುಚ್ಚಿಹೋಗುತ್ತವೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಸ್ವಯಂಸೇವಕರು ಮಾಡಿದ ಅನುವಾದವಾದ್ದರಿಂದ ಎಲ್ಲೋ ಕೆಲವು ಕಡೆ ಇಂಗ್ಲಿಷ್ ಉಳಿದಿರಬಹುದು. ಹೊಸಬರ ರೇಟಿಂಗ್, ಅಂದರೆ ಆಟಗಾರರ ಬಲ ತೋರಿಸುವ ಅಂಕ, 1500ರಿಂದ ಆರಂಭವಾಗುತ್ತದೆ, ಹಾಗಾಗಿ ಮೊದಲ ಹತ್ತು ಹದಿನೈದು ಆಟಗಳಲ್ಲಿ ನಮಗಿಂತ ಬಹಳ ಬಲ್ಲವರೇ ಎದುರಾಗುತ್ತಾರೆ. ನನ್ನ ತಮ್ಮ ಆ ಸೋಲುಗಳಿಂದ ಬೇಸತ್ತು ಒಂದೇ ವಾರದಲ್ಲಿ ಬಿಟ್ಟುಬಿಟ್ಟ. ಸಂಖ್ಯೆಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರುವವರೆಗೆ ಅದು ತಾತ್ಕಾಲಿಕ ಎಂದು ಮಗಳಿಗೆ ಮೊದಲೇ ತಿಳಿಹೇಳಿ. ಮುಗಿದ ಆಟದ ವಿಶ್ಲೇಷಣೆ ಮಾಡುವ ಸ್ಟಾಕ್‌ಫಿಶ್ ಎಂಬ ಚದುರಂಗ ತಂತ್ರಾಂಶ ಬ್ರೌಸರ್ ಒಳಗೇ ಓಡುವುದರಿಂದ ಹಳೆಯ ಯಂತ್ರ ಬಿಸಿಯಾಗುವುದು ಸಹಜ. ಅದನ್ನು ಆಫ್ ಮಾಡಿ ಆಡಿದರೆ 4 ಜಿಬಿಯಲ್ಲಿ ಯಾವ ತೊಂದರೆಯೂ ಇಲ್ಲ.

ಕೋಟೆಬಾಗಿಲು:

ನನ್ನ ಅನುಭವ ಬೇರೆಯದು, ಮತ್ತು ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹಳ್ಳಿ ಕಟ್ಟಿ, ಧಾನ್ಯ ಬೆಳೆದು, ಸೈನ್ಯ ಸೇರಿಸಿ ಅಕ್ಕಪಕ್ಕದವರೊಂದಿಗೆ ಯುದ್ಧ ಮಾಡುವ ಬ್ರೌಸರ್ ಆಟವೊಂದನ್ನು ನಾನು ಸುಮಾರು ನಾಲ್ಕು ವರ್ಷ ಆಡಿದೆ. ಹೆಸರು ಬೇಡ; ಈ ಜಾತಿಯ ಆಟಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೊದಲ ದಿನ ಕಣಜ ಕಟ್ಟಲು ಎರಡು ನಿಮಿಷ ಸಾಕು, ಹಾಗಾಗಿ ಎಷ್ಟು ಬೇಗ ಬೆಳೆಯುತ್ತಿದ್ದೇನೆಂದು ಸಂತೋಷವಾಗುತ್ತದೆ. ಮಟ್ಟ ಏರಿದಂತೆ ಅದೇ ಕಣಜಕ್ಕೆ ಎರಡು ಗಂಟೆ, ಆಮೇಲೆ ಹದಿನಾಲ್ಕು ಗಂಟೆ ಕಾಯಬೇಕಾಗುತ್ತದೆ, ಮತ್ತು ಆ ಕಾಯುವಿಕೆಯ ಪಕ್ಕದಲ್ಲೇ ಚಿನ್ನದ ನಾಣ್ಯ ಕೊಟ್ಟು ಈಗಲೇ ಮುಗಿಸಿ ಎಂಬ ಗುಂಡಿ ಬಂದು ನಿಲ್ಲುತ್ತದೆ. ನಾಣ್ಯ ಬರುವುದು ಕ್ರೆಡಿಟ್ ಕಾರ್ಡಿನಿಂದ.

ನಾನು ಆರಂಭದಲ್ಲಿ ಒಂದು ರೂಪಾಯಿಯನ್ನೂ ಕೊಡದೆ ಆಡಿದೆ. ಹಣದ ಬದಲು ನಿದ್ರೆ ಕೊಟ್ಟೆ ಎಂದರೆ ಸರಿಯಾದೀತು. ಈ ಆಟಗಳಲ್ಲಿ ನಾವು ಮಲಗಿದರೂ ಜಗತ್ತು ನಿಲ್ಲುವುದಿಲ್ಲ. ಶತ್ರುವಿನ ದಂಡು ನಸುಕಿನ ಮೂರು ಗಂಟೆಗೆ ತಲುಪುತ್ತದೆಂದು ತೋರಿಸಿದರೆ ಮೂರಕ್ಕೆ ಐದು ನಿಮಿಷ ಮೊದಲು ಎದ್ದು ಸೈನ್ಯವನ್ನು ಹೊರಗೆ ಕಳುಹಿಸಬೇಕು, ಇಲ್ಲವಾದರೆ ಎರಡು ತಿಂಗಳ ದುಡಿಮೆ ಬೆಳಗಾಗುವುದರೊಳಗೆ ಬೂದಿ. ಅಲಾರಂ ಇಟ್ಟುಕೊಂಡು ಎದ್ದ ರಾತ್ರಿಗಳ ಲೆಕ್ಕ ನನ್ನಲ್ಲಿಲ್ಲ. ಮೂರನೆಯ ವರ್ಷ ಹಣ ಕೊಡಲು ತೊಡಗಿದೆ, ತಿಂಗಳಿಗೆ ನಾನೂರು ರೂಪಾಯಿಯಂತೆ, ಏಕೆಂದರೆ ಆಟದಲ್ಲಿ ನಾನು ಸೇರಿದ್ದ ಒಕ್ಕೂಟದ ಇತರರು ಕೊಡುತ್ತಿದ್ದರು ಮತ್ತು ನಾನೊಬ್ಬ ಹಿಂದೆ ಬಿದ್ದರೆ ಅವರೆಲ್ಲರಿಗೂ ಹೊರೆಯಾಗುತ್ತಿದ್ದೆ.

ಆದರೂ ಆ ಆಟವನ್ನು ಕೆಟ್ಟದ್ದೆನ್ನಲು ನನಗೆ ಮನಸ್ಸು ಬರುವುದಿಲ್ಲ. ಅದೇ ಒಕ್ಕೂಟದಲ್ಲಿ ಪರಿಚಯವಾದ ಧಾರವಾಡದ ಒಬ್ಬರು ಇಂದಿಗೂ ನನ್ನ ಆಪ್ತ ಗೆಳೆಯರು. ಆದರೆ ಶಾಲೆಗೆ ಹೋಗುವ ಮಗುವಿಗೆ ಇಂಥ ಆಟ ಖಂಡಿತ ಬೇಡ. ನಿಮ್ಮ ಅರ್ಧ ಗಂಟೆ ಮುಗಿದಾಗ ಆಟವೂ ಮುಗಿಯಬೇಕು. ಅದನ್ನೊಂದೇ ನೋಡಿ ಆರಿಸಿ.

ಎರಡರ ಘಾತ:

ಕೋಟೆಬಾಗಿಲು ಅವರು ಕೊನೆಯಲ್ಲಿ ಹೇಳಿದ್ದಕ್ಕೆ 2048 ಸರಿಯಾಗಿ ಹೊಂದುತ್ತದೆ. ಇಟಲಿಯ ಗೇಬ್ರಿಯೆಲೆ ಚಿರುಲ್ಲಿ ಎಂಬ ಹತ್ತೊಂಬತ್ತು ವರ್ಷದ ಯುವಕ 2014ರ ಮಾರ್ಚ್‌ನಲ್ಲಿ ವಾರಾಂತ್ಯವೊಂದರಲ್ಲಿ ಬರೆದ ಆಟವಿದು. 4×4 ಚೌಕದಲ್ಲಿ ಒಂದೇ ಸಂಖ್ಯೆಯ ಎರಡು ಬಿಲ್ಲೆಗಳನ್ನು ತಳ್ಳಿ ಕೂಡಿಸುತ್ತ ಹೋಗಬೇಕು. ಹೊಸದಾಗಿ ಬರುವ ಬಿಲ್ಲೆ ಹತ್ತರಲ್ಲಿ ಒಂಬತ್ತು ಸಲ 2, ಒಂದು ಸಲ 4. ದೊಡ್ಡ ಸಂಖ್ಯೆಯನ್ನು ಒಂದು ಮೂಲೆಯಲ್ಲಿಟ್ಟು ಅಲ್ಲಿಂದ ಕದಲಿಸದೆ ಆಡುವುದನ್ನು ಕಲಿತ ಮೇಲೆ ಆಟದ ರುಚಿಯೇ ಬೇರೆ. ಪುಟ ಮುಚ್ಚಿ ಮರುದಿನ ಅದೇ ಬ್ರೌಸರ್‌ನಲ್ಲಿ ತೆರೆದರೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಇದು ಶೂನ್ಯದಿಂದ ಹುಟ್ಟಿದ ಆಟವಲ್ಲ. ಅದಕ್ಕೆ ಕೆಲವೇ ವಾರ ಮೊದಲು ಬಂದಿದ್ದ ಥ್ರೀಸ್ ಎಂಬ ಹಣ ಕೊಟ್ಟು ಕೊಳ್ಳಬೇಕಾದ ಆಟದ ಕಲ್ಪನೆ, ಅನುಕರಣೆಯ ಅನುಕರಣೆಯಾಗಿ, ಇಲ್ಲಿಗೆ ಬಂದಿದೆ. ಥ್ರೀಸ್ ಮಾಡಿದವರು ಅದಕ್ಕಾಗಿ ಹದಿನಾಲ್ಕು ತಿಂಗಳು ದುಡಿದಿದ್ದರು, ಮತ್ತು ತಮ್ಮ ನೋವನ್ನು ಬಹಿರಂಗವಾಗಿಯೇ ಬರೆದರು. ಚಿರುಲ್ಲಿ ತನ್ನ ಕೋಡ್ ಅನ್ನು ಎಲ್ಲರಿಗೂ ತೆರೆದಿಟ್ಟದ್ದರಿಂದ 2048ಕ್ಕೂ ಲೆಕ್ಕವಿಲ್ಲದಷ್ಟು ನಕಲುಗಳು ಹುಟ್ಟಿಕೊಂಡವು. ಜಾಹೀರಾತು ತುಂಬಿದ ನಕಲುಗಳನ್ನು ತೆರೆಯಬೇಡಿ. ನಾನು ಉಚಿತ ಆಟವನ್ನು ಪ್ರೀತಿಯಿಂದ ಆಡುತ್ತೇನೆ, ಆದರೆ ಮೂಲ ಕಲ್ಪನೆಗಾಗಿ ದುಡಿದವರಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂಬ ಕೊರಗು ಹೋಗಿಲ್ಲ. ಕೊನೆಗೆ ಥ್ರೀಸ್ ಅನ್ನೂ ಹಣ ಕೊಟ್ಟು ಕೊಂಡೆ.

ಫ್ಲ್ಯಾಶ್ ಎಂಬ ತಂತ್ರಾಂಶದ ಮೇಲೆ ಬ್ರೌಸರ್‌ನಲ್ಲಿ ಓಡುತ್ತಿದ್ದ ಹಳೆಯ ಆಟಗಳೂ ನೆನಪಾಗುತ್ತವೆ. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಬೆಂಬಲವನ್ನು ನಿಲ್ಲಿಸಿದಾಗ ಕಾಲೇಜಿನ ದಿನಗಳಲ್ಲಿ ಆಡಿದ್ದೆಲ್ಲ ಮುಗಿದುಹೋಯಿತೆಂದುಕೊಂಡಿದ್ದೆ. ಆದರೆ ರಫಲ್ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಸಂಗ್ರಹ ತಾಣ ಅವುಗಳಲ್ಲಿ ಅನೇಕವನ್ನು ಬ್ರೌಸರ್‌ನಲ್ಲೇ ಆಡುವಂತೆ ಉಳಿಸಿಕೊಟ್ಟಿದೆ. ಹಳೆಯ ಲ್ಯಾಪ್‌ಟಾಪ್‌ಗೂ ಅವು ಭಾರವಾಗಲಾರವು.

ಓದುಮನೆ:

ಆಟದ ಬಗ್ಗೆ ಹೇಳುವಷ್ಟು ನಾನು ಆಡಿಲ್ಲ. ಸುರಕ್ಷತೆಯ ಬಗ್ಗೆ ಮಾತ್ರ ಹೇಳುತ್ತೇನೆ. ಯಾವ ತಾಣವೇ ಆಗಲಿ, ನೋಟಿಫಿಕೇಷನ್ ಕಳುಹಿಸಲು ಅನುಮತಿ ಕೇಳಿದರೆ ಬೇಡ ಎಂದೇ ಒತ್ತಿ; ಒಮ್ಮೆ ಅನುಮತಿ ಕೊಟ್ಟರೆ ತಾಣ ಮುಚ್ಚಿದ ಮೇಲೂ ಪರದೆಯ ಮೂಲೆಯಲ್ಲಿ ಜಾಹೀರಾತು ಬರುತ್ತಲೇ ಇರುತ್ತದೆ. ಮೊಬೈಲ್ ಸಂಖ್ಯೆ ಕೇಳುವ ಆಟವನ್ನು ಅಲ್ಲಿಗೇ ಬಿಟ್ಟುಬಿಡಿ. ಹಣ ಕಟ್ಟಿ ಹಣ ಗೆಲ್ಲಿ ಎನ್ನುವ ಆಟಗಳನ್ನು ಕೇಂದ್ರದ 2025ರ ಕಾಯ್ದೆಯೇ ನಿಷೇಧಿಸಿದೆ, ಆದ್ದರಿಂದ ಅಂಥ ಜಾಹೀರಾತು ಕಂಡರೆ ಅದನ್ನು ತೋರಿಸುವ ತಾಣವೂ ನಂಬಿಕೆಗೆ ಅರ್ಹವಲ್ಲವೆಂದು ತಿಳಿಯಬಹುದು.

ತುಂಗಾತೀರ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹತ್ತು ದಿನಗಳಿಂದ 2048 ಮತ್ತು ಚದುರಂಗ ಎರಡನ್ನೂ ಆಡುತ್ತಿದ್ದೇವೆ. ಮೂಲೆಯ ಉಪಾಯ ತಿಳಿದ ದಿನವೇ ಮಗಳು 512ರವರೆಗೆ ತಲುಪಿದಳು. ನಾನಿನ್ನೂ 256ರಲ್ಲೇ ಇದ್ದೇನೆ. ಮಲಗುವ ಹೊತ್ತಾಯಿತೆಂದರೆ ತಕರಾರಿಲ್ಲದೆ ಮುಚ್ಚುತ್ತಾಳೆ, ಏಕೆಂದರೆ ಬಿಲ್ಲೆಗಳು ನಾಳೆಯೂ ಅಲ್ಲೇ ಇರುತ್ತವೆಂದು ಅವಳಿಗೆ ಗೊತ್ತಾಗಿದೆ. ಕಾಲಾಳು64 ಅವರಲ್ಲಿ ಒಂದು ಪ್ರಶ್ನೆ: ಊರಿನಲ್ಲಿರುವ ಅವಳ ಅಜ್ಜ ಹಲಗೆಯ ಮೇಲೆ ಚೆನ್ನಾಗಿ ಆಡುತ್ತಾರೆ, ಆದರೆ ಖಾತೆ ತೆರೆಯುವ ಗೋಜು ಅವರಿಗೆ ಬೇಡ. ಅಜ್ಜ, ಮೊಮ್ಮಗಳು ಇಬ್ಬರೇ ಆಡುವುದು ಸಾಧ್ಯವೇ?

ಕಾಲಾಳು64:

ಖಂಡಿತ ಸಾಧ್ಯ. ಗೆಳೆಯರೊಂದಿಗೆ ಆಡುವ ಆಯ್ಕೆಯನ್ನು ಒತ್ತಿ, ಸಮಯದ ಮಿತಿಯಿಲ್ಲದ ಆಟವನ್ನು ಆರಿಸಿದರೆ ಒಂದು ಲಿಂಕ್ ಸಿಗುತ್ತದೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಅಜ್ಜನಿಗೆ ಕಳುಹಿಸಿ. ಅವರು ಅದನ್ನು ಮುಟ್ಟಿದೊಡನೆ ಮೊಬೈಲ್‌ನ ಬ್ರೌಸರ್‌ನಲ್ಲೇ ಹಲಗೆ ತೆರೆದುಕೊಳ್ಳುತ್ತದೆ, ಖಾತೆಯ ಅಗತ್ಯವಿಲ್ಲ. ಇದು ರೇಟಿಂಗ್ ಇಲ್ಲದ ಆಟ. ಕೈತಪ್ಪಿ ನಡೆಸಿದ ಕಾಯನ್ನು ಎದುರಾಳಿಯ ಒಪ್ಪಿಗೆ ಕೇಳಿ ಹಿಂದಕ್ಕೆ ಪಡೆಯುವ ಅವಕಾಶವೂ ಇದೆ. ಬೆರಳು ಜಾರುವ ಹಿರಿಯರಿಗೆ ಅದು ಬೇಕಾಗುತ್ತದೆ.