ಬೂಟ್ ಹಂತದಲ್ಲೇ ಕರ್ನಲ್ ಡಿಬಗ್ ಮಾಡಲು ಯಾವ ಸಂಪರ್ಕ ಸೂಕ್ತ?

ಪ್ರಶ್ನೆ:
ನಾನು ಬದಲಾಯಿಸಿದ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅದನ್ನು ಮೆಮೊರಿಗೆ ತುಂಬಿ ಚಾಲೂ ಮಾಡುವ ಬೂಟ್‌ಲೋಡರ್ ದಾಟಿದ ಕೂಡಲೇ ಸ್ತಬ್ಧವಾಗುತ್ತದೆ. ಪರದೆಯ ಮೇಲೆ ಒಂದು ಸಾಲೂ ಮೂಡುವುದಿಲ್ಲ. ಕರ್ನಲ್ ಸಂದೇಶಗಳನ್ನು ನೆಟ್‌ವರ್ಕ್ ಮೂಲಕ ಬೇರೆ ಕಂಪ್ಯೂಟರಿಗೆ ಕಳಿಸುವ ನೆಟ್‌ಕನ್ಸೋಲ್‌ನಲ್ಲೂ ಏನೂ ಬರಲಿಲ್ಲ. ಸೀರಿಯಲ್, ನೆಟ್‌ವರ್ಕ್, ಯುಎಸ್‌ಬಿ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ತಿಳಿದವರು ಹೇಳುವಿರಾ?

ಉತ್ತರ 1:
ನೆಟ್‌ಕನ್ಸೋಲ್ ಕೆಲಸ ಮಾಡಬೇಕಾದರೆ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಮೊದಲು ಸಿದ್ಧವಾಗಿರಬೇಕು. ನಿಮ್ಮ ಕರ್ನಲ್ ಬಹುಶಃ ಅಲ್ಲಿಯವರೆಗೆ ತಲುಪುತ್ತಲೇ ಇಲ್ಲ. ಸೀರಿಯಲ್ ಪೋರ್ಟನ್ನೇ ಬಳಸಿ. 16550 ಮಾದರಿಯ ಯುಎಆರ್‌ಟಿಗೆ (ಸೀರಿಯಲ್ ಪೋರ್ಟನ್ನು ನಡೆಸುವ ಚಿಪ್) ಒಂದೊಂದೇ ಅಕ್ಷರವನ್ನು ಬರೆಯಲು ಕೆಲವು ರಿಜಿಸ್ಟರ್‌ಗಳಷ್ಟೇ ಸಾಕು, ಇಂಟರಪ್ಟ್ (ಸಿಪಿಯುವಿನ ಗಮನ ಸೆಳೆಯುವ ಹಾರ್ಡ್‌ವೇರ್ ಸಂಕೇತ) ಸಹ ಬೇಕಿಲ್ಲ. ಆದ್ದರಿಂದ ಕರ್ನಲ್ ಆದೇಶಸಾಲಿನಲ್ಲಿ 'ಅರ್ಲಿಕಾನ್' ಸೇರಿಸಿದರೆ ಡ್ರೈವರ್‌ಗಳು ಏಳುವ ಮೊದಲಿನ ಸಂದೇಶಗಳೂ ಕಾಣಿಸುತ್ತವೆ. 115200 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್‌ಗಳ ವೇಗ) ಸೆಕೆಂಡಿಗೆ ಸುಮಾರು 11,500 ಅಕ್ಷರಗಳು ಮಾತ್ರ ಸಾಗುತ್ತವೆ, ಆದರೆ ಈ ಕೆಲಸಕ್ಕೆ ಅದು ಧಾರಾಳ.

ಉತ್ತರ 2:
ಒಂದು ಎಚ್ಚರಿಕೆ: ಯುಎಸ್‌ಬಿ-ಸೀರಿಯಲ್ ಅಡಾಪ್ಟರನ್ನು ನೀವು ಕುಳಿತು ನೋಡುವ ಕಂಪ್ಯೂಟರಿಗೆ ಚುಚ್ಚಬಹುದೇ ಹೊರತು ಪರೀಕ್ಷೆಗೆ ಒಳಪಟ್ಟ ಯಂತ್ರಕ್ಕಲ್ಲ, ಏಕೆಂದರೆ ಅಲ್ಲಿ ಯುಎಸ್‌ಬಿ ವ್ಯವಸ್ಥೆಯೇ ಆಗ ಇನ್ನೂ ಎದ್ದಿರುವುದಿಲ್ಲ. ಬೋರ್ಡಿನ ಪಿನ್ನುಗಳು 3.3 ವೋಲ್ಟಿನವಾಗಿದ್ದರೆ ಹೆಚ್ಚಿನ ವೋಲ್ಟೇಜ್ ಬಳಸುವ ಆರ್‌ಎಸ್-232 ಸೀರಿಯಲ್ ಕೇಬಲನ್ನು ನೇರವಾಗಿ ಜೋಡಿಸಬೇಡಿ. ನಾನು ಹಾಗೆ ಮಾಡಿ ಒಂದು ಬೋರ್ಡನ್ನೇ ಕಳೆದುಕೊಂಡಿದ್ದೇನೆ.

ಉತ್ತರ 3:
ದೋಷ ನಿರ್ದಿಷ್ಟ ಹಾರ್ಡ್‌ವೇರಿಗೆ ಸಂಬಂಧಿಸಿರದಿದ್ದರೆ ಕೇಬಲಿನ ಗೊಡವೆಯೇ ಬೇಡ. ಕಂಪ್ಯೂಟರನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಕ್ಯೂಇಎಂಯುಗೆ ಚಿಕ್ಕ ಎಸ್ ಮತ್ತು ದೊಡ್ಡ ಎಸ್ ಆಯ್ಕೆಗಳೆರಡನ್ನೂ ಕೊಟ್ಟರೆ ಸಿಪಿಯು ಮೊದಲ ಸೂಚನೆಗೂ ಮುನ್ನವೇ ನಿಂತು, 1234ನೇ ನೆಟ್‌ವರ್ಕ್ ಪೋರ್ಟಿನಲ್ಲಿ ಜಿಡಿಬಿ ಎಂಬ ಡಿಬಗರ್‌ಗಾಗಿ ಕಾಯುತ್ತದೆ. ಕರ್ನಲ್ ಪ್ರತಿ ಬೂಟ್‌ನಲ್ಲೂ ಯಾದೃಚ್ಛಿಕ ವಿಳಾಸದಲ್ಲಿ ಕೂರುವುದನ್ನು ತಡೆಯುವ 'ನೋಕೆಎಎಸ್‌ಎಲ್‌ಆರ್' ಅನ್ನು ಕರ್ನಲ್ ಆದೇಶಸಾಲಿಗೆ ಸೇರಿಸಲು ಮರೆಯಬೇಡಿ. ಇಲ್ಲವಾದರೆ ಸಿಂಬಲ್‌ಗಳ (ಫಂಕ್ಷನ್, ವೇರಿಯಬಲ್‌ಗಳ ಹೆಸರುಗಳ) ವಿಳಾಸಗಳು ತಾಳೆಯಾಗದೆ ಬ್ರೇಕ್‌ಪಾಯಿಂಟ್‌ಗಳು (ಪ್ರೋಗ್ರಾಂ ನಿಲ್ಲಬೇಕೆಂದು ಗುರುತಿಸಿದ ಜಾಗಗಳು) ಎಲ್ಲೋ ಬೀಳುತ್ತವೆ.