‘ಐದು ವರ್ಷ ಬದುಕುಳಿಯುವ ಪ್ರಮಾಣ’: ಬೇರೆ ಪದ ಇದೆಯೇ?

ದಾವಣಗೆರೆಯಲ್ಲಿ ಕ್ಯಾನ್ಸರ್ ರೋಗಿಗಳ ಮನೆಯವರಿಗಾಗಿ ಒಂದು ಕಿರುಹೊತ್ತಿಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆ ಮತ್ತು ಕುತ್ತಿಗೆಯ ವಿರಳ ಕ್ಯಾನ್ಸರ್ ಬಂದವರ ಉಳಿವಿಗೂ ಅವರ ಊರು, ವರಮಾನಗಳಿಗೂ ಏನು ನಂಟು ಎಂಬುದು ವಿಷಯ. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ‘ಐದು ವರ್ಷ ಬದುಕುಳಿಯುವ ಪ್ರಮಾಣ’. ಕರಡನ್ನು ನೆರೆಮನೆಯವರಿಗೆ ಓದಿ ಹೇಳಿದೆ. ಅವರ ಯಜಮಾನರಿಗೆ ಕಿವಿಯ ಕೆಳಗಿನ ಜೊಲ್ಲುಗ್ರಂಥಿಯಲ್ಲಿ ಗಡ್ಡೆ. “ಹಾಗಾದರೆ ಐದೇ ವರ್ಷವೇ?” ಎಂದರು. ಮಗಳು ಈಗ ಏಳನೆಯ ತರಗತಿ. ಬೆರಳು ಮಡಿಸುತ್ತ ಹೋಗಿ, ಪಿಯುಸಿ ಮುಗಿಯುವಲ್ಲಿಗೆ ನಿಲ್ಲಿಸಿದರು. ನಾನು ಹಾಳೆ ಮಡಚಿಟ್ಟೆ.

ಮೂಲದ ಅರ್ಥ ಅದಲ್ಲವಲ್ಲ. ಕಾಯಿಲೆ ಪತ್ತೆಯಾಗಿ ಐದು ವರ್ಷ ಕಳೆದ ಮೇಲೂ ನೂರರಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಲೆಕ್ಕ ಅದು. ಐದು ಎಂಬುದು ಎಣಿಕೆಗೆ ನೆಟ್ಟ ಮೈಲಿಗಲ್ಲು, ಗಡುವಲ್ಲ. ಅದರ ಮೇಲೆ ‘ಬದುಕುಳಿ’ ಎಂಬ ಪದಕ್ಕೆ ಅಪಘಾತದ ವಾಸನೆ ಅಂಟಿಕೊಂಡಿದೆ. ಹೆದ್ದಾರಿ ಬದಿಯ ನಮ್ಮೂರಿನಲ್ಲಿ ಬದುಕುಳಿಯುವವರು ಲಾರಿ ಪಲ್ಟಿಯಾದಾಗ ಪಾರಾದವರು. ವರ್ಷಗಟ್ಟಲೆ ತಪಾಸಣೆಗೆ ಓಡಾಡುವವರಿಗೆ ಅದು ಹೊಂದುವುದಿಲ್ಲ.

ಎರಡನೆಯದು ‘ತಲೆ’. ವೈದ್ಯರ ವಿಂಗಡಣೆಯಲ್ಲಿ ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಮೂಗು, ಸೈನಸ್, ಜೊಲ್ಲುಗ್ರಂಥಿ ಇವೆಲ್ಲ ಇದರಲ್ಲಿ ಸೇರುತ್ತವೆ, ಮಿದುಳು ಸೇರುವುದಿಲ್ಲ. ಆದರೆ ‘ತಲೆಯ ಕ್ಯಾನ್ಸರ್’ ಎಂದರೆ ನಮ್ಮವರಿಗೆ ನೆನಪಾಗುವುದು ಮಿದುಳೇ. ಹಾಗೆಂದು ‘ಗಂಟಲು ಕ್ಯಾನ್ಸರ್’ ಎಂದು ಬರೆದರೆ ಗುಟ್ಕಾ, ತಂಬಾಕಿನ ಕಾಯಿಲೆ ಎಂದು ರೋಗಿಯನ್ನೇ ಓರೆಗಣ್ಣಿನಿಂದ ನೋಡುತ್ತಾರೆ. ‘ಅಪರೂಪದ’ ಎಂಬ ಪದವನ್ನು ಮಾತ್ರ ಯೋಚಿಸದೆ ಹೊಡೆದುಹಾಕಿದೆ. ಅಪರೂಪದ್ದು ಅತಿಥಿಯಾಗಬಹುದು, ಕಾಯಿಲೆಯಾಗಬಾರದು. ‘ವಿರಳ’ ಇರಲಿ. ಆದರೂ ವಿರಳ ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ: ಮೂಗಿನ ಹಿಂಬದಿಯ ಕ್ಯಾನ್ಸರ್ ಇಲ್ಲಿ ವಿರಳ, ನಾಗಾಲ್ಯಾಂಡಿನಲ್ಲಿ, ದಕ್ಷಿಣ ಚೀನಾದಲ್ಲಿ ಹಾಗಲ್ಲ.

ಹೆಚ್ಚು ಕಾಡುತ್ತಿರುವುದು ಮೂರನೆಯದು. ಮೂಲದಲ್ಲಿ ಬಳಸಿರುವುದು ಅಮೆರಿಕದ ಕ್ಯಾನ್ಸರ್ ನೋಂದಣಿಯ ಮಾಹಿತಿ. ಅಲ್ಲಿ ‘ವರಮಾನ’ ಎಂದರೆ ರೋಗಿಯ ಗಳಿಕೆಯಲ್ಲ, ಅವನಿರುವ ಕೌಂಟಿಯ (ಅಲ್ಲಿ ರಾಜ್ಯದೊಳಗಿನ ಆಡಳಿತ ವಿಭಾಗ) ಕುಟುಂಬಗಳ ಮಧ್ಯಮಾಂಕ ವರಮಾನ, ಅಂದರೆ ಗಳಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಕುಟುಂಬದ ವರಮಾನ. ಅದನ್ನು ‘ಬಡ ರೋಗಿಗಳು ಬೇಗ ಸಾಯುತ್ತಾರೆ’ ಎಂದು ಕನ್ನಡಿಸಿದರೆ ತಪ್ಪಾಗುತ್ತದೆ. ಕೌಂಟಿಯನ್ನು ‘ಜಿಲ್ಲೆ’ ಎನ್ನೋಣವೆಂದರೆ ನಮ್ಮ ಜಿಲ್ಲೆಯನ್ನೇ ನೋಡಿ. ಭದ್ರಾ ನಾಲೆಯ ನೀರು ಹರಿಯುವ ಭತ್ತದ ಗದ್ದೆಗಳೂ ಚನ್ನಗಿರಿಯ ಅಡಿಕೆ ತೋಟಗಳೂ ಜಗಳೂರಿನ ಒಣ ಹೊಲಗಳೂ ಒಂದೇ ಅಂಕಿಯಲ್ಲಿ ಸೇರಿಹೋಗುತ್ತವೆ. ಆ ಅಂಕಿಯಿಂದ ಜಗಳೂರಿನ ಕೂಲಿಯವನ ಗಳಿಕೆ ತಿಳಿಯುವುದಿಲ್ಲ. ಹಾಗಾಗಿ ‘ಕಡಿಮೆ ವರಮಾನದ ಪ್ರದೇಶದವರು’ ಎಂದು ಬರೆದಿದ್ದೇನೆ. ಉದ್ದವಾದರೂ ಸುಳ್ಳಲ್ಲ.

‘ಭೌಗೋಳಿಕ ಅಂಶಗಳು’ ಎಂಬುದನ್ನೂ ಕೈಬಿಟ್ಟೆ. ಶಾಲೆಯ ನಕಾಶೆ ಕಣ್ಣ ಮುಂದೆ ಬರುತ್ತದೆ. ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಮೊಳಕಾಲ್ಮುರಿನ ನೇಕಾರನೊಬ್ಬ ಅದಕ್ಕಾಗಿ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದರೆ ಅಷ್ಟು ದಿನವೂ ಮಗ್ಗ ನಿಲ್ಲುತ್ತದೆ, ಜೊತೆಗೆ ಹೋದವರ ಕೂಲಿಯೂ ನಿಲ್ಲುತ್ತದೆ. ಇದಕ್ಕೆ ‘ಊರಿನ ದೂರ’ ಎಂದರೆ ಸಾಕೇ? ದೂರದಲ್ಲಿ ಖರ್ಚೂ ಸೇರಿದೆ ಎಂದು ಓದುಗರು ತಾವೇ ತಿಳಿದುಕೊಳ್ಳುತ್ತಾರೆ ಎಂದು ನನ್ನ ನಂಬಿಕೆ, ನಿಮಗೆ ಹೇಗೆ ಕಾಣುತ್ತದೆ ತಿಳಿಸಿ.

ಮೊದಲನೆಯದಕ್ಕೆ ಸದ್ಯ ‘ನೂರರಲ್ಲಿ ಐದು ವರ್ಷ ದಾಟಿದವರು’ ಎಂದು ಬರೆದಿಟ್ಟುಕೊಂಡಿದ್ದೇನೆ. ನೆರೆಮನೆಯವರಿಗೆ ಮತ್ತೆ ಓದಿ ಹೇಳಿದಾಗ “ದಾಟಿದ ಮೇಲೂ ಇರುತ್ತಾರೆ ತಾನೇ?” ಎಂದು ಕೇಳಿದರು, ಅರ್ಥ ತಲುಪಿತು. ಆದರೆ ಕೋಷ್ಟಕದ ಕಿರಿದಾದ ಅಂಕಣದಲ್ಲಿ ಇಷ್ಟುದ್ದ ಹಿಡಿಸುವುದಿಲ್ಲ. ‘ದಾಟುಪ್ರಮಾಣ’ ಎಂದು ಬರೆದು ನೋಡಿದೆ, ಹೊಳೆಯ ದೋಣಿಯ ಲೆಕ್ಕದಂತೆ ಕಂಡಿತು. ಎರಡು ಪದಗಳೊಳಗೆ ಏನಾದರೂ ಹೊಳೆಯುತ್ತದೆಯೇ?